ಬಳ್ಳಾರಿಯಲ್ಲಿ ಕೂತು ಆನ್‌ಲೈನ್ ಹರಾಜಿನಲ್ಲಿ ಹಳೇ ಎಲೆಕ್ಟ್ರಾನಿಕ್ಸ್ ಕೊಳ್ಳುವುದು, ಮಾರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಲೆಕ್ಟ್ರಾನಿಕ್ಸ್ ಹುಚ್ಚು ಇರುವವರಿಗೇನೂ ಕಡಿಮೆ ಇಲ್ಲ. ಇಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್, ಐಟಿಐಗಳಿವೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಿಫ್ಟ್ ಮುಗಿಸಿ, ಮನೆಗೆ ಬಂದು ಸೋಲ್ಡರಿಂಗ್ ಐರನ್ ಹಿಡಿಯುವವರೂ ಇದ್ದಾರೆ. ಸಿಗದೇ ಇರುವುದು ಸಾಮಾನು. ರೆಸಿಸ್ಟರ್, ಟ್ರಾನ್ಸಿಸ್ಟರ್ ಬೇಕೆಂದರೆ ರಿಪೇರಿ ಅಂಗಡಿಯವರು ಕೊಡುತ್ತಾರೆ. ಆಸಿಲೋಸ್ಕೋಪ್ (ವಿದ್ಯುತ್ ಸಂಕೇತವನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಸಾಧನ), ಬೆಂಚ್ ಪವರ್ ಸಪ್ಲೈ (ಬೇಕಾದ ವೋಲ್ಟೇಜ್ ಕೊಡುವ ಸಾಧನ), ಶಾರ್ಟ್‌ವೇವ್ ರೇಡಿಯೊ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೋ ಹೈದರಾಬಾದಿನ ಕೋಠಿಗೋ ಹೋಗಬೇಕು. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ. ಹೋದರೂ ಬೇಕಾದದ್ದು ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಅದಕ್ಕೇ ಆನ್‌ಲೈನ್ ಹರಾಜು ನಮ್ಮಂಥ ಊರಿನವರಿಗೆ ತುಂಬಾ ಉಪಯೋಗ. ಆದರೆ ಇಲ್ಲಿ ಬಿಡ್ (ನಾವು ಕೂಗುವ ಬೆಲೆ) ಒತ್ತುವುದು ಒಂದು ಕ್ಷಣದ ಕೆಲಸ, ಅದಕ್ಕೆ ಮುಂಚಿನ ಕೆಲಸವೇ ಜಾಸ್ತಿ. ವಸ್ತು ಯಾವುದು, ಅದರಲ್ಲಿ ಏನು ಕೆಡುತ್ತದೆ, ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಒಟ್ಟು ಎಷ್ಟಾಗುತ್ತದೆ ಅನ್ನುವುದು ಮೊದಲೇ ಗೊತ್ತಿರಬೇಕು. ಮಾರುವಾಗಲೂ ಇದೇ ಲೆಕ್ಕ. ಕೊಳ್ಳುವವರು ಕೇಳುವ ಪ್ರಶ್ನೆಗಳಿಗೆ ನೀವು ಮೊದಲೇ ಉತ್ತರ ಬರೆದಿಟ್ಟರೆ ಬೆಲೆ ತಾನಾಗಿ ಏರುತ್ತದೆ.

ಹರಾಜು ಎಲ್ಲಿ ನಡೆಯುತ್ತದೆ?

ಅಮೆರಿಕದ ಹೆಸರಾಂತ ಹರಾಜು ಕಂಪನಿ ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ನಮಗಿರುವುದು ಅದರ ವಿದೇಶಿ ತಾಣ. ಅಲ್ಲಿ ಭಾರತಕ್ಕೆ ಕಳಿಸುವ ಮಾರಾಟಗಾರರನ್ನು ಮಾತ್ರ ಆರಿಸಿಕೊಂಡು ಹುಡುಕಬಹುದು. ಜಪಾನಿನ ಯಾಹೂ ಹರಾಜಿನಲ್ಲಿ ಹಳೇ ಆಡಿಯೊ, ರೇಡಿಯೊ ಸಾಮಾನು ರಾಶಿ ರಾಶಿ ಬರುತ್ತದೆ. ಅಲ್ಲಿ ನಮ್ಮ ಪರವಾಗಿ ಬಿಡ್ ಮಾಡಿ ಕಳಿಸಿಕೊಡುವ ಮಧ್ಯವರ್ತಿ ಸೇವೆಗಳಿವೆ, ಅವರ ಕಮಿಷನ್ ಬೇರೆ.

ದೇಶದೊಳಗೆ ಹವ್ಯಾಸಿಗಳ ಫೇಸ್‌ಬುಕ್, ಟೆಲಿಗ್ರಾಂ ಗುಂಪುಗಳಿವೆ. ಒಬ್ಬರು ಫೋಟೊ ಹಾಕಿ, ಶುರುವಿನ ಬೆಲೆ ಮತ್ತು ಮುಗಿಯುವ ಸಮಯ ಹೇಳುತ್ತಾರೆ. ಉಳಿದವರು ಕೆಳಗೆ ಬಿಡ್ ಬರೆಯುತ್ತಾ ಹೋಗುತ್ತಾರೆ. ಹೊಸಬರು ಇಲ್ಲಿಂದ ಶುರು ಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಸ್ಟಮ್ಸ್ ತಲೆನೋವು ಇಲ್ಲ, ಮಾರಾಟಗಾರರ ಜೊತೆ ಫೋನಿನಲ್ಲಿ ಮಾತಾಡಬಹುದು.

ಮೂರನೆಯದು ಸರ್ಕಾರಿ ಹರಾಜು. ಎಂಎಸ್‌ಟಿಸಿ (ಕೇಂದ್ರ ಸರ್ಕಾರಿ ಕಂಪನಿಯ ಹರಾಜು ತಾಣ), ಜೆಮ್ (ಸರ್ಕಾರಿ ಇಲಾಖೆಗಳ ಕೊಡುಕೊಳ್ಳುವಿಕೆಯ ತಾಣ), ರೈಲ್ವೆಯ ಐಆರ್‌ಇಪಿಎಸ್ ತಾಣಗಳಲ್ಲಿ ಇಲಾಖೆಗಳು ಹಳೇ ಸಾಮಾನನ್ನು ಲಾಟ್ ಲೆಕ್ಕದಲ್ಲಿ, ಅಂದರೆ ಒಟ್ಟು ರಾಶಿಯಾಗಿ ಮಾರುತ್ತವೆ. ಮುಂಗಡ ಠೇವಣಿ ಕಟ್ಟಬೇಕು. ಸಾಮಾನು ಎಲ್ಲಿದೆಯೋ ಅಲ್ಲಿಂದ, ಹೇಗಿದೆಯೋ ಹಾಗೇ ನೀವೇ ಎತ್ತಿಕೊಂಡು ಹೋಗಬೇಕು. ಇನ್ನೊಂದು ವಿಷಯ: 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಇ-ತ್ಯಾಜ್ಯ ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ. ಅಂಥ ಲಾಟ್‌ಗೆ ಹವ್ಯಾಸಿ ಬಿಡ್ ಮಾಡಲು ಬರುವುದಿಲ್ಲ. ಒಬ್ಬರಿಗೆ ಒಂದು ಮೀಟರ್ ಬೇಕೆಂದರೆ ಈ ದಾರಿ ಸುಮ್ನೆ ಬಿಟ್ಟುಬಿಡಿ.

ನಿಜವಾದ ಬೆಲೆ ತಿಳಿಯುವುದು

ಮಾರಾಟಗಾರ ಕೇಳುವ ಬೆಲೆ ಬೇರೆ, ವಸ್ತು ಹೋಗುವ ಬೆಲೆ ಬೇರೆ. ಇಬೇಯಲ್ಲಿ 'ಸೋಲ್ಡ್ ಐಟಮ್ಸ್' ಅನ್ನುವ ಫಿಲ್ಟರ್ ಇದೆ. ಅದನ್ನು ಒತ್ತಿದರೆ ಹಿಂದಿನ ಸುಮಾರು 90 ದಿನಗಳಲ್ಲಿ ಅದೇ ಮಾಡೆಲ್ ಎಷ್ಟೆಷ್ಟಕ್ಕೆ ಮಾರಾಟವಾಗಿದೆ ಅಂತ ಕಾಣುತ್ತದೆ. ದೇಶದೊಳಗಿನ ಗುಂಪಿನಲ್ಲಿ ಮಾಡೆಲ್ ಹೆಸರು ಹಾಕಿ ಹಳೇ ಹರಾಜುಗಳನ್ನು ಹುಡುಕಿ. ಒಂದೇ ಮಾರಾಟ ನೋಡಿ ತೀರ್ಮಾನಕ್ಕೆ ಬರಬೇಡಿ. ಇಬ್ಬರು ಹಟಕ್ಕೆ ಬಿದ್ದ ದಿನ ಯಾವ ವಸ್ತುವೂ ಎರಡು ಪಟ್ಟಿಗೆ ಹೋಗುತ್ತದೆ.

ಆಮೇಲೆ ಪೂರ್ತಿ ಲೆಕ್ಕ ಹಾಕಿ. ವಿದೇಶದಿಂದ 60 ಡಾಲರಿಗೆ ಒಂದು ರೇಡಿಯೊ ಗೆದ್ದಿರಿ, ಸಾಗಣೆಗೆ 45 ಡಾಲರ್ ಅಂತ ಇಟ್ಟುಕೊಳ್ಳಿ. ಸುಂಕ ಬೀಳುವುದು 60ರ ಮೇಲಲ್ಲ. ವಸ್ತುವಿನ ಬೆಲೆ, ಸಾಗಣೆ, ವಿಮೆ ಎಲ್ಲ ಸೇರಿಸಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಅದನ್ನೂ ಸೇರಿಸಿ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). ಬ್ಯಾಂಕಿನವರು ಡಾಲರ್ ಬದಲಾಯಿಸಲು ತೆಗೆದುಕೊಳ್ಳುವುದು ಬೇರೆ. ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ ಇನ್ನೊಂದು. ಈ ಲೆಕ್ಕ ಹಾಕಿದ ಮೇಲೆ ಎಷ್ಟೋ ವಸ್ತುಗಳ ಆಸೆ ತಾನಾಗಿ ಹೋಗುತ್ತದೆ, ಅದು ಒಳ್ಳೆಯದೇ. ಸಣ್ಣ, ಹಗುರ, ಇಲ್ಲಿ ಸಿಗದ ಬಿಡಿಭಾಗಗಳಿಗೆ ಮಾತ್ರ ವಿದೇಶ ಲಾಭ. ಭಾರದ ಸಾಮಾನು ಇಲ್ಲೇ ಹುಡುಕಿ.

ನಮ್ಮ ಕರೆಂಟಿಗೆ, ನಮ್ಮ ಕಾನೂನಿಗೆ ಹೊಂದುತ್ತದಾ?

ನಮ್ಮ ಮನೆಯದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಜಪಾನಿನದು 100 ವೋಲ್ಟ್. ಅದನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಬಿಡ್ ಮಾಡುವ ಮುಂಚೆ ಹಿಂಬದಿಯ ಲೇಬಲ್ಲಿನ ಫೋಟೊ ಕೇಳಿ. '100-240' ಅಂತ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚು ಸೇರಿಸಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60 ಹರ್ಟ್ಸ್ ಅಂತ ಮಾತ್ರ ಬರೆದಿರುವ ಸಾಧನದ ಒಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗಬಹುದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಸಿಂಕ್ರೊನಸ್ ಮೋಟರ್ (ಹರ್ಟ್ಸ್ ಲೆಕ್ಕದಲ್ಲೇ ತಿರುಗುವ ಮೋಟರ್) ಇರುವ ಅಮೆರಿಕದ ರೆಕಾರ್ಡ್ ಪ್ಲೇಯರ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಹಾಡು ಎಳೆದ ಹಾಗೆ ಕೇಳುತ್ತದೆ.

ರೇಡಿಯೊ ಕೊಳ್ಳುವವರು ಇನ್ನೊಂದು ನೋಡಬೇಕು. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಮೆರಿಕದಲ್ಲಿ 10. ಬೆಂಗಳೂರು ಆಕಾಶವಾಣಿಯದು 612, ಧಾರವಾಡದ್ದು 765 ಕಿಲೋಹರ್ಟ್ಸ್. 10ರ ಹೆಜ್ಜೆ ಮಾತ್ರ ಇರುವ ಡಿಜಿಟಲ್ ರೇಡಿಯೊದಲ್ಲಿ ಧಾರವಾಡ 760ಕ್ಕೂ 770ಕ್ಕೂ ಸರಿಯಾಗಿ ನಡುವೆ ಬಿದ್ದುಬಿಡುತ್ತದೆ. 9/10 ಸ್ವಿಚ್ ಇದೆಯಾ ಅಂತ ಕೇಳಿ. ಜಪಾನಿನ ಹಳೇ ಎಫ್ಎಂ ರೇಡಿಯೊಗಳದ್ದು 76ರಿಂದ ಶುರುವಾಗುವ ಬ್ಯಾಂಡ್. ನಮ್ಮ ಸ್ಟೇಷನ್‌ಗಳಲ್ಲಿ ಹೆಚ್ಚಿನವು ಅದರಲ್ಲಿ ಬರುವುದೇ ಇಲ್ಲ.

ಕಾನೂನಿನ ಮಾತು ಚುಟುಕಾಗಿ. ಹ್ಯಾಮ್ ಟ್ರಾನ್ಸ್‌ಸೀವರ್ (ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ರೇಡಿಯೊ) ಇಟ್ಟುಕೊಳ್ಳಲು, ಬಳಸಲು ಲೈಸೆನ್ಸ್ ಬೇಕು. ಅದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಮಾರುವಾಗ ಕೊಳ್ಳುವವರ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಮತ್ತು ಲೈಸೆನ್ಸ್ ಪ್ರತಿ ಕೇಳಿ ಇಟ್ಟುಕೊಳ್ಳಿ. ವಿದೇಶಿ ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧ ಇದೆ. ಹಳೇ ಲ್ಯಾಪ್‌ಟಾಪ್, ಕಂಪ್ಯೂಟರ್ ತರಿಸಲು ನಿರ್ಬಂಧ ಇದೆ, ಬಳಸಿದ ಗೃಹೋಪಯೋಗಿ ವಸ್ತುಗಳೂ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು. ದುಬಾರಿ ವಸ್ತು ಆದರೆ ಬಿಡ್‌ಗೆ ಮುಂಚೆಯೇ ಕಸ್ಟಮ್ಸ್ ಏಜೆಂಟರೊಬ್ಬರನ್ನು ವಿಚಾರಿಸಿ.

ಮಾರಾಟಗಾರರಿಗೆ ಏನು ಕೇಳಬೇಕು?

'ವರ್ಕಿಂಗ್ ಕಂಡೀಷನ್' ಅಂತ ಬರೆದಿದ್ದರೆ ಅದಕ್ಕೆ ಅರ್ಥವೇನು ಅಂತ ಕೇಳಿ. ದೀಪ ಹತ್ತುತ್ತದೆ ಅನ್ನುವುದನ್ನೇ ಎಷ್ಟೋ ಮಂದಿ 'ವರ್ಕಿಂಗ್' ಅನ್ನುತ್ತಾರೆ. 'ಅನ್‌ಟೆಸ್ಟೆಡ್' ಅಂತ ಬರೆದಿದ್ದರೆ ಕೆಟ್ಟಿದೆ ಅಂತಲೇ ತಿಳಿದು ಬೆಲೆ ಕಟ್ಟಿ.

ಆಸಿಲೋಸ್ಕೋಪ್ ಆದರೆ ಮುಂಭಾಗದಲ್ಲಿ ಪ್ರೋಬ್ (ಅಳೆಯಲು ತಗುಲಿಸುವ ತಂತಿ) ಪರೀಕ್ಷೆಗೆ ಒಂದು ಕೊಂಡಿ ಇರುತ್ತದೆ. ಅದರಿಂದ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಚೌಕ ಅಲೆ ಬರುತ್ತದೆ. ಪ್ರೋಬನ್ನು ಅದಕ್ಕೆ ಸಿಕ್ಕಿಸಿ, ಎರಡೂ ಚಾನೆಲ್‌ನಲ್ಲಿ ಅಲೆ ಕಾಣುವ ವಿಡಿಯೊ ಕಳಿಸಿ ಅಂತ ಕೇಳಿ. ವೋಲ್ಟ್ಸ್ ಮತ್ತು ಟೈಂ ನಾಬ್‌ಗಳನ್ನು ಒಂದೊಂದೇ ಹೆಜ್ಜೆ ತಿರುಗಿಸಿ ತೋರಿಸಲಿ. ಯಾವುದಾದರೂ ಹೆಜ್ಜೆಯಲ್ಲಿ ಅಲೆ ಕುಣಿದರೆ, ಮಾಯವಾದರೆ ಸ್ವಿಚ್ ಕೊಳಕಾಗಿದೆ ಅಥವಾ ಸವೆದಿದೆ. ಹಳೇ ಟಿವಿಯಂಥ ಪರದೆಯ ಸ್ಕೋಪ್ ಆದರೆ ಕತ್ತಲಲ್ಲಿ ಗೆರೆ ಎಷ್ಟು ಸಣ್ಣಗೆ, ಎಷ್ಟು ಪ್ರಖರವಾಗಿ ಬರುತ್ತದೆ ನೋಡಿ. ಪಾಲಿಟೆಕ್ನಿಕ್ ಲ್ಯಾಬುಗಳಿಂದ ಬಂದ ಆಪ್ಲ್ಯಾಬ್, ಸೈಂಟಿಫಿಕ್ ಕಂಪನಿಯ ಹಳೇ ಸ್ಕೋಪ್‌ಗಳು ಕಲಿಯುವವರಿಗೆ ಈಗಲೂ ಚಲೋ. ಟೆಕ್ಟ್ರಾನಿಕ್ಸ್ 2465ಬಿ ಥರದ ಹೆಸರಾಂತ ಮಾಡೆಲ್‌ಗೆ ಆಸೆಪಡುವವರು ಒಂದು ತಿಳಿದಿರಿ: ಅದರ ಕ್ಯಾಲಿಬ್ರೇಷನ್ ಅಂಕಿಗಳು (ಅಳತೆಯನ್ನು ಸರಿಯಾಗಿಡುವ ಅಂಕಿಗಳು) ಬ್ಯಾಟರಿ ಬಲದ ಮೆಮೊರಿಯಲ್ಲಿರುತ್ತವೆ. ಬ್ಯಾಟರಿ ಸತ್ತರೆ ಅಂಕಿಗಳೂ ಹೋಗುತ್ತವೆ. ಆನ್ ಮಾಡಿದಾಗ ಪರದೆಯಲ್ಲಿ ಎರರ್ ಬರುತ್ತದಾ ಅಂತ ನೋಡಲು ಮೊದಲ ಕ್ಷಣದಿಂದಲೇ ವಿಡಿಯೊ ಬೇಕು.

ಮಲ್ಟಿಮೀಟರ್‌ನಲ್ಲಿ ಕರೆಂಟ್ ಅಳೆಯುವುದಿಲ್ಲ ಅಂದರೆ ಹೆಚ್ಚಿನ ಸಲ ಫ್ಯೂಸ್ ಹೋಗಿರುತ್ತದೆ, ಅಷ್ಟೇ. ಹೆದರಬೇಡಿ, ಆದರೆ ಬೆಲೆ ಇಳಿಸಿ. ಫ್ಲೂಕ್ 87-5ರಂಥ ಮೀಟರ್‌ಗೆ ಬೇಕಾದ 1000 ವೋಲ್ಟಿನ ಫ್ಯೂಸ್ ಅಗ್ಗವೇನಲ್ಲ. ಅದರ ಬದಲು ಸಾಧಾರಣ ಗಾಜಿನ ಫ್ಯೂಸ್ ಹಾಕಿ ಮಾರುವವರಿದ್ದಾರೆ. ಅದು ಜೀವಕ್ಕೆ ಅಪಾಯ. ಹಿಂದಿನ ಮುಚ್ಚಳ ಬಿಚ್ಚಿ ಫ್ಯೂಸಿನ ಫೋಟೊ ಕಳಿಸಲು ಹೇಳಿ.

ಆಂಪ್ಲಿಫೈಯರ್, ಸ್ಪೀಕರ್ ಆದರೆ ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು, ಸುಮ್ಮನಿದ್ದಾಗ ಗುಂಯ್ ಅನ್ನುವ ಸದ್ದು ಇದೆಯಾ ಕೇಳಿ. ವಸ್ತು ಯಾವ ಊರಿನಲ್ಲಿತ್ತು ಅಂತಲೂ ಕೇಳಬೇಕು. ಸಮುದ್ರದಂಡೆಯ ಊರಾದರೆ ತುಕ್ಕು. ನಮ್ಮ ಸಂಡೂರು, ತೋರಣಗಲ್ಲು ಕಡೆಯದಾದರೆ ಕೆಂಪು ಧೂಳು. ಕೊಪ್ಪಳದ ಸ್ಪಾಂಜ್ ಐರನ್ ಕಾರ್ಖಾನೆಗಳ ಹತ್ತಿರ ಇದ್ದದ್ದಾದರೆ ಸ್ಪೀಕರಿನ ಅಯಸ್ಕಾಂತ ಆ ಕಬ್ಬಿಣದ ಪುಡಿಯನ್ನು ಎಳೆದುಕೊಂಡಿರುತ್ತದೆ.

ಬಿಡ್ ಮಾಡುವ ಬಗೆ

ರಾಯಚೂರು ಎಪಿಎಂಸಿಯ ಇ-ಟೆಂಡರ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ವ್ಯಾಪಾರಿ ಹತ್ತಿಯ ಲಾಟ್‌ಗೆ ತನ್ನ ಬೆಲೆ ಹಾಕುತ್ತಾನೆ, ಬೇರೆಯವರದ್ದು ಅವನಿಗೆ ಕಾಣುವುದಿಲ್ಲ. ಗೆದ್ದರೆ ತಾನು ಹಾಕಿದಷ್ಟೂ ಕೊಡಬೇಕು. ಇಬೇಯಲ್ಲಿ ಗುಟ್ಟಾಗಿ ಬೆಲೆ ಹಾಕುವುದು ಹಾಗೇ, ಆದರೆ ಗೆದ್ದವರು ಕೊಡುವುದು ತಮ್ಮ ಬೆಲೆ ಅಲ್ಲ. ಎರಡನೆಯವರ ಬೆಲೆಗಿಂತ ಒಂದು ಹೆಜ್ಜೆ ಮೇಲೆ, ಅಷ್ಟೇ.

ಲೆಕ್ಕ ನೋಡಿ. ಶುರು ಬೆಲೆ 40 ಡಾಲರ್. ಇನ್ನೊಬ್ಬರು ಗುಟ್ಟಾಗಿ 62 ಹಾಕಿದ್ದಾರೆ. ನೀವು 85 ಹಾಕಿದಿರಿ. 25ರಿಂದ 100 ಡಾಲರ್ ಒಳಗೆ ಹೆಜ್ಜೆ 1 ಡಾಲರ್. ಹಾಗಾಗಿ ಬೆಲೆ 63ಕ್ಕೆ ನಿಲ್ಲುತ್ತದೆ. ನೀವು ಮುಂದಿರುತ್ತೀರಿ. ಆಮೇಲೆ ಮೂರನೆಯವರು 90 ಹಾಕಿದರೆ ಬೆಲೆ 86 ಆಗಿ ಅವರ ಪಾಲಾಗುತ್ತದೆ. ಆಗ ನೀವು 91 ಹಾಕಬಾರದು. ನಿಮ್ಮ ಲೆಕ್ಕ 85 ಅಂತ ಹೇಳಿತ್ತು, ಅಲ್ವಾ? ಹರಾಜಿನಲ್ಲಿ ರೊಕ್ಕ ಕಳೆದುಕೊಳ್ಳುವುದು ಹೆಚ್ಚಾಗಿ ಈ ಒಂದು ಹೆಜ್ಜೆಯಲ್ಲೇ. ಅದೇ ಮಾಡೆಲ್ ಮತ್ತೆ ಬರುತ್ತದೆ.

ನಿಮ್ಮ ಗರಿಷ್ಠ ಬೆಲೆಯನ್ನು ದಿನಗಟ್ಟಲೆ ಮುಂಚೆ ಹಾಕಬೇಡಿ. ಕೊನೇ ಕ್ಷಣಗಳಲ್ಲಿ ಒಂದೇ ಸಲ ಹಾಕಿ. ಮುಂಚೆ ಹಾಕಿದರೆ ಉಳಿದವರಿಗೆ ನಿಮ್ಮನ್ನು ಸ್ವಲ್ಪ ಸ್ವಲ್ಪವೇ ಮೇಲೆ ತಳ್ಳಲು ಸಮಯ ಸಿಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾನುವಾರ ಸಂಜೆ 6ಕ್ಕೆ ಮುಗಿಯುವ ಹರಾಜು ನಮಗೆ ಸೋಮವಾರ ಬೆಳಿಗ್ಗೆ 6:30ಕ್ಕೆ, ಅವರ ಚಳಿಗಾಲದಲ್ಲಿ 7:30ಕ್ಕೆ. ಅಲಾರಂ ಇಟ್ಟುಕೊಳ್ಳಿ. ಎಂಎಸ್‌ಟಿಸಿ ಥರದ ತಾಣದಲ್ಲಿ ಈ ಉಪಾಯ ನಡೆಯುವುದಿಲ್ಲ. ಕೊನೇ ನಿಮಿಷಗಳಲ್ಲಿ ಬಿಡ್ ಬಂದರೆ ಅಲ್ಲಿ ಸಮಯ ತಾನಾಗೇ ಮುಂದಕ್ಕೆ ಹೋಗುತ್ತದೆ. ಗುಂಪಿನ ಹರಾಜಿನಲ್ಲಿ ಒಂದೊಂದು ಕಡೆ ಒಂದೊಂದು ನಿಯಮ, ಮೊದಲೇ ಓದಿಕೊಳ್ಳಿ.

ಬಿಡ್ ಇತಿಹಾಸವನ್ನೂ ತೆರೆದು ನೋಡಿ. ಒಂದೇ ಮಾರಾಟಗಾರರ ವಸ್ತುಗಳಿಗೆ ಮಾತ್ರ ಬಿಡ್ ಮಾಡುವ, ಯಾವತ್ತೂ ಗೆಲ್ಲದ ಖಾತೆ ಕಂಡರೆ ಅದು ಬೆಲೆ ಏರಿಸಲು ಕೂರಿಸಿದ ಆಸಾಮಿ ಇರಬಹುದು. ಅಲ್ಲಿಂದ ಹೊರಟುಬಿಡಿ.

ರೊಕ್ಕ ಕೊಡುವಾಗ

ಇಬೇಯಲ್ಲಿ ತಾಣದ ಒಳಗೇ ಪಾವತಿ ಮಾಡಿ. ವಸ್ತು ಬರದಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ 30 ದಿನದೊಳಗೆ ದೂರು ಕೊಟ್ಟು ಹಣ ವಾಪಸ್ ಪಡೆಯುವ ವ್ಯವಸ್ಥೆ ಇದೆ. ಹೊರಗೆ ಕೊಟ್ಟರೆ ಅದು ಇಲ್ಲ. ಅಮೆರಿಕದ ಫಾರ್ವರ್ಡಿಂಗ್ ವಿಳಾಸಕ್ಕೆ ತರಿಸಿ ಅಲ್ಲಿಂದ ಬಳ್ಳಾರಿಗೆ ಕಳಿಸಿಕೊಂಡರೂ ಆ ರಕ್ಷಣೆ ತಪ್ಪುತ್ತದೆ.

ದೇಶದೊಳಗಿನ ಗುಂಪಿನಲ್ಲಿ ಯುಪಿಐ ಕಳಿಸಿದ ಮೇಲೆ ಹಿಂದೆ ಬರುವುದು ಕಷ್ಟ. ಮಾರಾಟಗಾರರ ಹಳೇ ಮಾರಾಟಗಳನ್ನು ನೋಡಿ, ಅವರಿಂದ ಕೊಂಡವರಿಗೆ ಒಂದು ಮೆಸೇಜ್ ಹಾಕಿ ಕೇಳಿ. ಇವತ್ತಿನ ತಾರೀಖು ಬರೆದ ಚೀಟಿಯನ್ನು ವಸ್ತುವಿನ ಪಕ್ಕ ಇಟ್ಟು ಫೋಟೊ ಕಳಿಸಿ ಅಂದರೆ, ಬೇರೆಯವರ ಫೋಟೊ ಕದ್ದು ಹಾಕಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಮೋಸ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಪಾರ್ಸಲ್ ಬಂದ ದಿನ

ಬಿಚ್ಚುವ ಮುಂಚೆ ಪೆಟ್ಟಿಗೆಯ ಆರೂ ಬದಿ ತೋರಿಸಿ, ನಿಲ್ಲಿಸದೆ ವಿಡಿಯೊ ಮಾಡಿ. ವಸ್ತು ಹೊರಗೆ ಬಂದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ. ಮೆಲ್ಲಗೆ ಅಲುಗಾಡಿಸಿ, ಒಳಗೆ ಏನಾದರೂ ಉರುಳುತ್ತದಾ ಕೇಳಿ. ಸಾಗಣೆಯಲ್ಲಿ ಬಿಚ್ಚಿಕೊಂಡ ಒಂದು ಸ್ಕ್ರೂ ಸಾಕು, ಬೋರ್ಡ್ ಸುಡಲು.

ಹಳೇ ರೇಡಿಯೊ, ಆಂಪ್ಲಿಫೈಯರ್ ಆದರೆ ಮೊದಲ ಸಲ ಸೀರೀಸ್ ಬಲ್ಬಿನ ಮೂಲಕ ಆನ್ ಮಾಡಿ. ನಮ್ಮ ಊರಿನ ಯಾವ ರಿಪೇರಿ ಅಂಗಡಿಗೆ ಹೋದರೂ ಈ ಸೀರೀಸ್ ಬೋರ್ಡ್ ಗೋಡೆಯಲ್ಲಿ ನೇತಾಡುತ್ತಿರುತ್ತದೆ. ಫೇಸ್ ತಂತಿಯ ದಾರಿಯಲ್ಲಿ 60 ಅಥವಾ 100 ವಾಟಿನ ಹಳೇ ತಂತಿಯ ಬಲ್ಬ್ ಇರಬೇಕು. ಎಲ್ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಂದು ಕ್ಷಣ ಜೋರಾಗಿ ಹೊಳೆದು, ಆಮೇಲೆ ಮಂಕಾದರೆ ಸರಿ. ಹಾಗೇ ಪೂರ್ತಿ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ಆರಿಸಿ. ಬಲ್ಬ್ ಕರೆಂಟನ್ನು ತಡೆದದ್ದರಿಂದ ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಯಿತು. ವಾಲ್ವ್ (ಗಾಜಿನ ಕೊಳವೆ) ಇರುವ ಹಳೇ ಸೆಟ್‌ನಲ್ಲಿ ವಾಲ್ವ್‌ಗಳು ಬಿಸಿಯಾಗುತ್ತಾ ಬಲ್ಬ್ ಸ್ವಲ್ಪ ಉರಿಯುವುದು ಸಹಜ. ಎಸ್ಎಂಪಿಎಸ್ (ಫೋನ್ ಚಾರ್ಜರಿನಲ್ಲಿರುವಂಥ ಪವರ್ ಸಪ್ಲೈ) ಇರುವ ಸಾಧನದಲ್ಲಿ ಬಲ್ಬ್ ಮಿಣುಕಬಹುದು, ಅದರಿಂದ ಕೆಟ್ಟಿದೆ ಅಂತ ಹೇಳಲಾಗದು. ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಉಳಿದಿರುತ್ತದೆ, ಒಳಗೆ ಕೈ ಹಾಕಬೇಡಿ.

ಒಂದು ಗಂಟೆ ಓಡಿಸಿ ನೋಡಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೈಕೊಡುವ ಸಾಧನ ಬಹಳ. ದೋಷ ಕಂಡರೆ ಅದೇ ದಿನ ಮಾರಾಟಗಾರರಿಗೆ ವಿಡಿಯೊ ಸಮೇತ ತಿಳಿಸಿ. ನೀವೇ ಬಿಚ್ಚಿ ರಿಪೇರಿಗೆ ಕೂತರೆ ಆಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಇನ್ನು ಮಾರುವುದು

ಮೊದಲು ಸ್ವಚ್ಛ ಮಾಡಿ. ಬ್ರಷ್ ಮತ್ತು ಬ್ಲೋವರ್‌ನಿಂದ ಧೂಳು ತೆಗೆಯಿರಿ. ಕರಕರ ಅನ್ನುವ ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ಪೇಂಟ್ ಮಾತ್ರ ಹೊಡೆಯಬೇಡಿ. ಹಳೇ ವಸ್ತು ಹುಡುಕುವವರಿಗೆ ಅದರ ಮೂಲ ಬಣ್ಣವೇ ಬೇಕು, ಹೊಸ ಪೇಂಟ್ ಕಂಡರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಬರುತ್ತದೆ.

ಫೋಟೊ ಬೆಳಗಿನ ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ ತೆಗೆಯಿರಿ. ಮುಂದೆ, ಹಿಂದೆ, ಲೇಬಲ್, ಸಾಧ್ಯವಾದರೆ ಒಳಗಿನ ಬೋರ್ಡ್. ಗೀರು, ಒಡಕು, ಕಾಣೆಯಾದ ನಾಬ್ ಹತ್ತಿರದಿಂದ ತೋರಿಸಿ. ವಿವರಣೆ ಹೀಗಿರಲಿ: 'ಆಪ್ಲ್ಯಾಬ್ 20 ಮೆಗಾಹರ್ಟ್ಸ್, ಎರಡು ಚಾನೆಲ್. ಚಾನೆಲ್ 1 ಎಲ್ಲ ರೇಂಜಿನಲ್ಲೂ ಸರಿ. ಚಾನೆಲ್ 2ರ 5 ಮಿಲಿವೋಲ್ಟ್ ರೇಂಜಿನಲ್ಲಿ ಅಲೆ ಆಗಾಗ ಮಾಯವಾಗುತ್ತದೆ. ಫೋಕಸ್ ಚೆನ್ನಾಗಿದೆ. ಪ್ರೋಬ್ ಒಂದೇ ಇದೆ. ಬಳ್ಳಾರಿಗೆ ಬಂದು ನೋಡಬಹುದು.' ದೋಷ ಹೇಳಿದರೆ ಬೆಲೆ ಬೀಳುತ್ತದೆ ಅಂತ ಹಿಂಜರಿಯಬೇಡಿ. ಅಷ್ಟು ಬಿಡಿಸಿ ಹೇಳಿದವರು ಬೇರೇನೂ ಮುಚ್ಚಿಟ್ಟಿಲ್ಲ ಅನ್ನುವ ನಂಬಿಕೆಯಿಂದಲೇ ದೂರದ ಊರಿನವರು ಬಿಡ್ ಮಾಡುತ್ತಾರೆ.

ಶುರು ಬೆಲೆ ಎಷ್ಟಿಡಬೇಕು? ತುಂಬಾ ಜನ ಹುಡುಕುವ ವಸ್ತು ಆದರೆ ಕಡಿಮೆಗೆ ಶುರು ಮಾಡಿ, ಬಿಡ್‌ಗಳು ಬೆಲೆಯನ್ನು ಎತ್ತುತ್ತವೆ. ಇಬ್ಬರೇ ಆಸಕ್ತರಿರುವ ಅಪರೂಪದ ವಸ್ತು ಆದರೆ ನಿಮಗೆ ಇಷ್ಟಕ್ಕಿಂತ ಕಡಿಮೆ ಆಗದು ಅನ್ನುವ ಬೆಲೆಯಿಂದಲೇ ಶುರು ಮಾಡಿ. 10 ರೂಪಾಯಿಗೆ ಶುರು ಮಾಡಿ, ಕಡಿಮೆಗೆ ಹೋಯಿತು ಅಂತ ಕೊಡದೇ ಇದ್ದರೆ ಆ ಗುಂಪಿನಲ್ಲಿ ನಿಮ್ಮ ಹೆಸರು ಮುಗಿದ ಹಾಗೇ.

ವಿದೇಶಕ್ಕೆ ಮಾರಲು ಐಇಸಿ (ಆಮದು-ರಫ್ತುದಾರರ) ಸಂಖ್ಯೆ ಬೇಕು, ತಾಣದ ಶುಲ್ಕವೂ ಎಷ್ಟೋ ವಿಭಾಗಗಳಲ್ಲಿ ಸುಮಾರು 13% ಬೀಳುತ್ತದೆ. ಒಂದೆರಡು ವಸ್ತು ಮಾರುವವರಿಗೆ ಅದು ಗಿಟ್ಟುವುದಿಲ್ಲ.

ಕೊಳ್ಳುವವರಂತೆ ಬರುವ ಮೋಸಗಾರರೂ ಇದ್ದಾರೆ. 'ನಾನು ಆರ್ಮಿಯಲ್ಲಿದ್ದೀನಿ, ನೋಡೋದು ಬೇಡ, ಈಗಲೇ ಹಣ ಹಾಕ್ತೀನಿ' ಅಂತ ಹೇಳಿ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಹಣ ಬರಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತು ಅಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ.

ಪ್ಯಾಕಿಂಗ್ ಮತ್ತು ಕಳಿಸುವುದು

ಈ ಭಾಗಕ್ಕೆ ಸಮಯ ಕೊಡಿ. ಚೆನ್ನಾಗಿ ಮಾರಿದ ವಸ್ತು ಪ್ಯಾಕಿಂಗ್ ಸರಿಯಿಲ್ಲದೆ ಒಡೆದು ತಲುಪಿದರೆ ಇಬ್ಬರಿಗೂ ನಷ್ಟ. ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬಬಲ್ ಶೀಟ್ ಮೂರು ಸುತ್ತು. ನಾಬ್‌ಗಳಿಗೆ ಭಾರ ಬೀಳದ ಹಾಗೆ ಮುಂಭಾಗಕ್ಕೆ ಥರ್ಮೋಕೋಲ್ ಹಲಗೆ ಕಟ್ಟಿ, ನಾಬ್ ಬರುವ ಕಡೆ ತೂತು ಕೊರೆಯಿರಿ. ಇದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿಡಿ. ನಡುವೆ ಎಲ್ಲ ಬದಿಗೂ ನಾಲ್ಕು ಬೆರಳು ಜಾಗ ಇರಲಿ, ಅದನ್ನು ಬಿಗಿಯಾಗಿ ತುಂಬಿ. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವ ಕಡೆ ಉಳಿಯುವ ಬಟ್ಟೆ ಚೂರುಗಳು ಇದಕ್ಕೆ ಚಲೋ. ಪೇಪರ್ ಉಂಡೆ ಭಾರದ ಸಾಮಾನಿಗೆ ಸಾಲದು, ದಾರಿಯಲ್ಲೇ ಕುಗ್ಗುತ್ತದೆ. ವಾಲ್ವ್‌ಗಳನ್ನು ಬಿಚ್ಚಿ, ಯಾವುದು ಎಲ್ಲಿತ್ತು ಅಂತ ಚೀಟಿ ಅಂಟಿಸಿ ಬೇರೆ ಸುತ್ತಿ.

ಬ್ಯಾಟರಿ ತೆಗೆಯಿರಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಡಿ. ಚಿಕ್ಕ ಪಾರ್ಸಲ್‌ಗೆ ಸ್ಪೀಡ್ ಪೋಸ್ಟ್, ವಿಮೆ ಸಮೇತ. ಭಾರದ್ದಾದರೆ 2021ರಲ್ಲಿ ಶುರುವಾದ ಸರ್ಕಾರಿ ಬಸ್ಸಿನ 'ನಮ್ಮ ಕಾರ್ಗೋ' ಅಥವಾ ಪಾರ್ಸಲ್ ಟ್ರಾನ್ಸ್‌ಪೋರ್ಟ್. ಕೊಳ್ಳುವವರು ಅವರ ಊರಿನ ಕೌಂಟರಿಗೆ ಬಂದು ತಗೊಳ್ಳುವುದಾದರೆ ನಡುವೆ ಕೈ ಬದಲಾಗುವುದು ಕಡಿಮೆ. ಸೀರಿಯಲ್ ನಂಬರ್ ಕಾಣುವ ಹಾಗೆ ಪ್ಯಾಕ್ ಮಾಡುವ ವಿಡಿಯೊ ತೆಗೆದು, ರಸೀದಿಯ ಫೋಟೊ ಜೊತೆ ಅವರಿಗೆ ಕಳಿಸಿ.

ಮಾರಾಟವಾಗದೇ ಉಳಿದರೆ

ಎರಡು ಸಲ ಹಾಕಿದರೂ ಬಿಡ್ ಬರದಿದ್ದರೆ ಬಿಡಿಭಾಗ ಮಾಡಿ ಮಾರಿ. ಟ್ರಾನ್ಸ್‌ಫಾರ್ಮರ್, ಮೀಟರ್, ನಾಬ್, ವೇರಿಯಬಲ್ ಕಂಡೆನ್ಸರ್‌ಗೆ ಯಾವಾಗಲೂ ಗಿರಾಕಿ ಇದ್ದಾರೆ. ಕೆಲಸ ಮಾಡುವ ಸಾಧನ ಆದರೆ ಹತ್ತಿರದ ಐಟಿಐ, ಪಾಲಿಟೆಕ್ನಿಕ್ ಲ್ಯಾಬಿನವರನ್ನು ಕೇಳಿ ಕೊಟ್ಟುಬಿಡಿ. ಪೂರ್ತಿ ಸತ್ತದ್ದನ್ನು ಗುಜರಿಗೆ ಹಾಕಬೇಡಿ, ಅಲ್ಲಿ ತಾಮ್ರಕ್ಕಾಗಿ ತಂತಿ ಸುಡುತ್ತಾರೆ. ನೋಂದಾಯಿತ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೊಡುವ ಮುಂಚೆ ಒಳಗಿನ ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಿ.